ಚಾಚಾ ಅವರ ಬೀಳ್ಕೊಡುಗೆ ಮತ್ತು ನನ್ನ ಐದು ‘ಆನ್’ಗಳು



ಕಳೆದ ತಿಂಗಳು ನಮ್ಮ ಕಾಲೇಜಿನ ಅಟೆಂಡರ್ ಚಾಚಾ ನಿವೃತ್ತರಾದರು. ಬೀಳ್ಕೊಡುಗೆಯ ದಿನ ವಿದ್ಯಾರ್ಥಿಗಳ ಪರವಾಗಿ ಇಂಗ್ಲಿಷ್‌ನಲ್ಲಿ ಎರಡು ನಿಮಿಷ ಮಾತನಾಡಿದವಳು ನಾನು. ನನ್ನ ಭಾಷಣದ ಕೊನೆಯ ಸಾಲು ಕೇಳಿ ನಮ್ಮ ಇಂಗ್ಲಿಷ್ ಸರ್ ಹಣೆಗೆ ಕೈ ಇಟ್ಟುಕೊಂಡು ನಕ್ಕಿದ್ದನ್ನು ಮುಂದಿನ ಸಾಲಿನಲ್ಲಿದ್ದವರು ನೋಡಿರಬಹುದು. ಯಾಕೆ ನಕ್ಕರು ಎಂದು ಅನೇಕರು ನನ್ನನ್ನು ಕೇಳಿದರು. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಾನು ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯ ಮಾತು ದಖನಿ. ಇಂಗ್ಲಿಷ್ ನನಗೆ ಪುಸ್ತಕದಲ್ಲಿ ಮಾತ್ರ ಪರಿಚಯ. ಹಾಗಿರುವಾಗ ಕನ್ನಡದಲ್ಲೋ ಉರ್ದುವಿನಲ್ಲೋ ಮಾತನಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಚಾಚಾ ಅವರೇ ಬಂದು ಕೇಳಿದರು. “ಬೇಟಿ, ಇಷ್ಟು ವರ್ಷ ಕ್ಲಾಸಿನ ಬಾಗಿಲ ಹೊರಗೆ ನಿಂತು ಇಂಗ್ಲಿಷ್ ಕೇಳಿದ್ದೇನೆ. ನನಗೆ ಅಂತ ಯಾರೂ ಒಂದು ಮಾತೂ ಇಂಗ್ಲಿಷ್‌ನಲ್ಲಿ ಆಡಿಲ್ಲ. ಆವತ್ತು ನೀನು ಇಂಗ್ಲಿಷ್‌ನಲ್ಲೇ ಮಾತಾಡು” ಎಂದರು. ಆ ಮೇಲೆ ಇಲ್ಲ ಎನ್ನುವುದು ಹೇಗೆ?

ಇನ್ನೊಂದು ಕಾರಣವೂ ಇತ್ತು. ನಾನು ಅಜ್ಜಂಪುರದವಳು. ಬೆಳಗಿನ ರೈಲು ಹತ್ತಿ ಬೀರೂರು ದಾಟಿ ಕಡೂರಿಗೆ ಬರಬೇಕು. ರೈಲು ತಡವಾದ ದಿನ ಗೇಟಿನಲ್ಲಿ ನಿಂತು “ಗಾಡಿ ಲೇಟು ಸರ್, ಅಜ್ಜಂಪುರದ ಮಕ್ಕಳು” ಎಂದು ಆಫೀಸಿಗೆ ಹೇಳಿ ನಮ್ಮ ಹಾಜರಿ ಉಳಿಸುತ್ತಿದ್ದವರು ಚಾಚಾ. ಪ್ರಥಮ ಪಿಯುಸಿಯಲ್ಲಿದ್ದಾಗ ಅಬ್ಬಾಗೆ ತೆಂಗಿನಕಾಯಿ ಸುಲಿಯುವಾಗ ಕೈಗೆ ಪೆಟ್ಟಾಗಿ ಒಂದು ತಿಂಗಳು ಕೆಲಸವಿರಲಿಲ್ಲ. ನಾನು ಒಂಬತ್ತು ದಿನ ಕಾಲೇಜಿಗೆ ಬರಲಿಲ್ಲ. ಓದು ನಿಲ್ಲಿಸಬೇಕು ಎಂದು ಮನೆಯಲ್ಲಿ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಹತ್ತನೇ ದಿನ, ಭಾನುವಾರ, ಚಾಚಾ ಫೀ ರಿಯಾಯಿತಿಯ ಅರ್ಜಿ ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಅಬ್ಬಾ ಎಡಗೈಯಲ್ಲಿ ಸಹಿ ಹಾಕಿದರು. ನಾನು ಈಗ ದ್ವಿತೀಯ ಪಿಯುಸಿಯಲ್ಲಿ ಇದ್ದೇನೆ ಎಂದರೆ ಆ ಅರ್ಜಿಯೇ ಕಾರಣ.

ಹಾಗಾಗಿ ಭಾಷಣ ಚೆನ್ನಾಗಿರಬೇಕು ಎಂದು ಎರಡು ರಾತ್ರಿ ಕೂತು ಬರೆದೆ. ಬರೆದ ಮುಖ್ಯ ಸಾಲುಗಳು ಇವು:

ವಿ ಹ್ಯಾವ್ ಗ್ರೇಟ್ ರೆಸ್ಪೆಕ್ಟ್ ಆನ್ ಯೂ. ವಿ ಹ್ಯಾವ್ ಲಾಟ್ ಆಫ್ ಲವ್ ಆನ್ ಯೂ. ಅವರ್ ಅಡ್ಮಿರೇಷನ್ ಆನ್ ಯುವರ್ ಹಾರ್ಡ್ ವರ್ಕ್ ವಿಲ್ ನೆವರ್ ಎಂಡ್. ವಿ ಹ್ಯಾವ್ ಪ್ರೈಡ್ ಆನ್ ಯೂ. ದಿಸ್ ಈಸ್ ಎ ಸ್ಮಾಲ್ ಟ್ರಿಬ್ಯೂಟ್ ಆನ್ ಯೂ. ಕಂಗ್ರಾಜುಲೇಷನ್ಸ್ ಆನ್ ಯುವರ್ ರಿಟೈರ್‌ಮೆಂಟ್.

ತರೀಕೆರೆಯ ನನ್ನ ಗೆಳತಿಗೆ ಓದಿ ಹೇಳಿದೆ. “ಸೂಪರ್ ಕಣೇ” ಎಂದಳು. ಇಂಗ್ಲಿಷ್ ಸರ್ ಕೈಗೆ ಕೊಟ್ಟೆ. ಅವರು ಓದಿ, ಕೆಂಪು ಪೆನ್ ತೆಗೆದು, ಐದು ‘ಆನ್’ಗಳಿಗೆ ಸುತ್ತು ಹಾಕಿ, ಏನೂ ಹೇಳದೆ ಹಾಳೆ ವಾಪಸ್ ಕೊಟ್ಟರು. ಗಂಟೆ ಹೊಡೆದಿತ್ತು, ಅವರಿಗೆ ಕ್ಲಾಸಿತ್ತು.

ಸ್ಟಾಫ್ ರೂಮಿನ ಹೊರಗೆ ನಿಂತು ಆ ಹಾಳೆ ನೋಡಿದೆ. ಕಣ್ಣಲ್ಲಿ ನೀರು ಬಂತು. ಒಂದು ತಪ್ಪಲ್ಲ, ಐದು. ಅದೂ ಒಂದೇ ತಪ್ಪು ಐದು ಸಲ. ಹೆಸರು ವಾಪಸ್ ತೆಗೆದುಕೊಳ್ಳೋಣ, ಇಂಗ್ಲಿಷ್ ಮಾಧ್ಯಮದಿಂದ ಬಂದ ಯಾರಾದರೂ ಮಾತನಾಡಲಿ ಅನ್ನಿಸಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನೇ ಹೇಳಲು ಸರ್ ಹತ್ತಿರ ಹೋದೆ.

ಸರ್ ಬೇರೆ ಪ್ರಶ್ನೆ ಕೇಳಿದರು. “ನೋಡಮ್ಮ, ಎಲ್ಲ ಕಡೆ ‘ಆನ್’ ಯಾಕೆ ಹಾಕಿದೆ?”

“ನಿಮ್ಮ ಮೇಲೆ ಗೌರವ ಅಂತ ಅಲ್ವಾ ಸರ್? ಮೇಲೆ ಅಂದರೆ ಆನ್.”

“ಹಾಗಾದರೆ ನಿನ್ನದು ಬೇಜವಾಬ್ದಾರಿಯ ತಪ್ಪಲ್ಲ, ಲೆಕ್ಕಾಚಾರದ ತಪ್ಪು. ಕೂತುಕೋ” ಎಂದರು.

ಅವರು ಹೇಳಿದ್ದನ್ನು ಕೇಳಿದ ಮೇಲೆ ನನಗೆ ಹೊಳೆದದ್ದು ಇದು. ಐದನೇ ಕ್ಲಾಸಿನಿಂದ ನಾವು ಪ್ರಿಪೊಸಿಷನ್ ಕಲಿತದ್ದೆಲ್ಲ ಟೇಬಲ್ಲಿನ ಸುತ್ತಲೇ. ಪುಸ್ತಕ ಟೇಬಲ್ ಮೇಲೆ ಇದೆ: ಆನ್. ಬೆಕ್ಕು ಟೇಬಲ್ ಕೆಳಗೆ ಇದೆ: ಅಂಡರ್. ಪೆನ್ನು ಪೆಟ್ಟಿಗೆಯ ಒಳಗಿದೆ: ಇನ್. ಕಣ್ಣಿಗೆ ಕಾಣುವ ವಸ್ತುಗಳಿಗೆ ಈ ಲೆಕ್ಕ ಸರಿ. ಆದರೆ ಗೌರವ, ಪ್ರೀತಿ, ಮೆಚ್ಚುಗೆ ಟೇಬಲ್ ಮೇಲೆ ಇಡುವಂಥವಲ್ಲ. ಅವು ಎಲ್ಲಿ ಇರುತ್ತವೆ ಎಂಬುದನ್ನು ಒಂದೊಂದು ಭಾಷೆ ತನಗೆ ತೋಚಿದಂತೆ ಹೇಳುತ್ತದೆ.

ನಮ್ಮ ಮನೆಯ ಭಾಷೆಗಳನ್ನೇ ನೋಡಿ. ಕನ್ನಡದಲ್ಲಿ ಪ್ರೀತಿ ಒಬ್ಬರ ‘ಮೇಲೆ’ ಇರುತ್ತದೆ. ಉರ್ದುವಿನಲ್ಲಿ ‘ಆಪ್ ಸೆ ಮೊಹಬ್ಬತ್ ಹೈ’ ಎನ್ನುತ್ತೇವೆ. ಆ ‘ಸೆ’ಯನ್ನು ಕನ್ನಡಕ್ಕೆ ಇದ್ದ ಹಾಗೇ ತಂದರೆ ‘ನಿಮ್ಮಿಂದ ಪ್ರೀತಿ’ ಎಂದಾಗಿ ಅರ್ಥವೇ ಕೆಡುತ್ತದೆ. ಅದೇ ಉರ್ದುವಿನಲ್ಲಿ ಹೆಮ್ಮೆಗೆ ‘ಪರ್’ ಬರುತ್ತದೆ: ‘ಆಪ್ ಪರ್ ನಾಜ್ ಹೈ’. ಈ ‘ಪರ್’ ನಮ್ಮ ದಖನಿಯಲ್ಲಿ ‘ಪೊ’ ಆಗುತ್ತದೆ. ಇನ್ನು ಗೌರವಕ್ಕೆ ‘ಕೀ’: ‘ಆಪ್ ಕೀ ಇಜ್ಜತ್ ಕರ್ತೆ ಹೈಂ’. ಪ್ರೀತಿ, ಹೆಮ್ಮೆ, ಗೌರವ ಮೂರಕ್ಕೂ ಮೂರು ಬೇರೆ ಪದಗಳು. ಮನೆಯಲ್ಲಿ ನಾವು ಇವನ್ನು ಎಂದೂ ತಪ್ಪುವುದಿಲ್ಲ, ಯಾರೂ ನಮಗೆ ನಿಯಮ ಹೇಳಿಕೊಟ್ಟೂ ಇಲ್ಲ. ಕೇಳಿ ಕೇಳಿ ಜೋಡಿಯಾಗಿಯೇ ಬಾಯಿಗೆ ಬಂದಿವೆ.

ಕನ್ನಡದಲ್ಲೂ ಒಂದೇ ದಾರಿ ಇಲ್ಲ. ‘ನಿಮ್ಮ ಮೇಲೆ ಗೌರವ’ ಎನ್ನಬಹುದು, ‘ನಿಮ್ಮ ಬಗ್ಗೆ ಗೌರವ’ ಎನ್ನಬಹುದು, ಸಪ್ತಮಿ ವಿಭಕ್ತಿ ಹಚ್ಚಿ ‘ನಿಮ್ಮಲ್ಲಿ ಗೌರವ’ ಎನ್ನಬಹುದು, ‘ನಿಮ್ಮನ್ನು ಕಂಡರೆ ಗೌರವ’ ಎಂದೂ ಅನ್ನಬಹುದು. ಕೊನೆಯದು ಸರ್‌ಗೆ ಬಹಳ ಇಷ್ಟ. ‘ರೆಸ್ಪೆಕ್ಟ್’ ಎಂಬ ಪದ ಲ್ಯಾಟಿನ್‌ನಿಂದ ಬಂದದ್ದು, ಅದರ ಮೂಲ ಅರ್ಥ ‘ತಿರುಗಿ ನೋಡುವುದು’ ಎಂದು ಹೇಳಿದರು. ದಾರಿಯಲ್ಲಿ ಹೋಗುವ ಒಬ್ಬರನ್ನು ನಾವು ತಿರುಗಿ ನೋಡುತ್ತೇವೆ ಎಂದರೆ ಅವರಲ್ಲಿ ಏನೋ ಇದೆ ಎಂದು ಅರ್ಥ. ‘ಅಡ್ಮೈರ್’ ಎಂಬುದಕ್ಕೂ ಲ್ಯಾಟಿನ್‌ನಲ್ಲಿ ಬೆರಗಾಗಿ ನೋಡುವುದು ಎಂದೇ ಅರ್ಥವಂತೆ. ‘ಮಿರಕಲ್’ ಎಂಬ ಪದವೂ ಅದೇ ಬೇರಿನದು. ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷ್‌ನಲ್ಲೂ ‘ಅಡ್ಮಿರೇಷನ್’ ಎಂದರೆ ಬೆರಗು ಎಂಬ ಅರ್ಥವಿತ್ತು. ಮೆಚ್ಚುಗೆ ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ. ಹಾಗಾದರೆ ಇಂಗ್ಲಿಷ್‌ನವರಿಗೂ ಈ ಭಾವನೆಗಳು ಕಣ್ಣಿನಿಂದಲೇ ಶುರುವಾದವು, ನಮ್ಮ ‘ಕಂಡರೆ’ಯ ಹಾಗೆ.

ನಂತರ ಸರ್ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿದ್ದನ್ನು ಇಲ್ಲಿ ಕೊಡುತ್ತೇನೆ. ನಿಮಗೂ ಉಪಯೋಗಕ್ಕೆ ಬರಬಹುದು.

ಮೆಚ್ಚುಗೆ ಗೌರವಗಳ ಹೆಚ್ಚಿನ ಪದಗಳಿಗೆ ಇಂಗ್ಲಿಷ್‌ನಲ್ಲಿ ‘ಫಾರ್’ ಬರುತ್ತದೆ. ಅಡ್ಮಿರೇಷನ್ ಫಾರ್, ರೆಸ್ಪೆಕ್ಟ್ ಫಾರ್, ರಿಗಾರ್ಡ್ ಫಾರ್, ಅಫೆಕ್ಷನ್ ಫಾರ್, ರೆವರೆನ್ಸ್ ಫಾರ್. ಪ್ರೀತಿಗೂ, ವ್ಯಕ್ತಿಗಳ ವಿಷಯದಲ್ಲಿ, ಲವ್ ಫಾರ್.

ಒಳಗೆ ನೆಲೆಯೂರುವ ಭಾವನೆಗಳಿಗೆ ‘ಇನ್’. ಪ್ರೈಡ್ ಇನ್, ಫೇತ್ ಇನ್, ಟ್ರಸ್ಟ್ ಇನ್, ಕಾನ್ಫಿಡೆನ್ಸ್ ಇನ್. ಇಲ್ಲಿ ನಮ್ಮ ಸಪ್ತಮಿ ನೆರವಿಗೆ ಬರುತ್ತದೆ: ದೇವರಲ್ಲಿ ನಂಬಿಕೆ, ನಿಮ್ಮಲ್ಲಿ ವಿಶ್ವಾಸ. ಆದರೆ ಪ್ರೈಡ್ ಎಂಬ ನಾಮಪದ ‘ಪ್ರೌಡ್’ ಎಂದಾದ ಕೂಡಲೇ ‘ಇನ್’ ಹೋಗಿ ‘ಆಫ್’ ಬರುತ್ತದೆ. ವಿ ಆರ್ ಪ್ರೌಡ್ ಆಫ್ ಯೂ.

ಕೈಗೆ ಕೊಡುವ, ಸಲ್ಲಿಸುವ ಪದಗಳಿಗೆ ‘ಟು’. ಟ್ರಿಬ್ಯೂಟ್ ಟು, ಹೋಮೇಜ್ ಟು. ಇದು ನಮ್ಮ ಚತುರ್ಥಿಯ ‘ಗೆ’: ನಿಮಗೆ ನಮನ. ಗ್ರ್ಯಾಟಿಟ್ಯೂಡ್‌ಗೆ ಎರಡೂ ಬೇಕು. ವ್ಯಕ್ತಿಗೆ ‘ಟು’, ಅವರು ಮಾಡಿದ ಉಪಕಾರಕ್ಕೆ ‘ಫಾರ್’.

‘ಆಫ್’ ಹಾಕುವಾಗ ಹುಷಾರಾಗಿರಬೇಕು. ‘ದಿ ಅಡ್ಮಿರೇಷನ್ ಆಫ್ ದಿ ಸ್ಟೂಡೆಂಟ್ಸ್’ ಎಂದರೆ ಸಾಮಾನ್ಯವಾಗಿ ಮೆಚ್ಚಿದವರು ವಿದ್ಯಾರ್ಥಿಗಳು. ‘ಫಾರ್ ದಿ ಸ್ಟೂಡೆಂಟ್ಸ್’ ಎಂದರೆ ಮೆಚ್ಚುಗೆ ಪಡೆದವರು ವಿದ್ಯಾರ್ಥಿಗಳು. ಒಂದು ಚಿಕ್ಕ ಪದ ಬದಲಾದರೆ ಕೊಡುವವರು ಪಡೆಯುವವರಾಗುತ್ತಾರೆ. ಕನ್ನಡದಲ್ಲೂ ‘ತಾಯಿಯ ಪ್ರೀತಿ’ ಎಂದರೆ ತಾಯಿ ತೋರುವ ಪ್ರೀತಿಯೇ ಹೊರತು ತಾಯಿಯ ಮೇಲೆ ನಮಗಿರುವ ಪ್ರೀತಿ ಎಂದು ಯಾರೂ ಮೊದಲು ತಿಳಿಯುವುದಿಲ್ಲ.

ಇನ್ನೊಂದು ಗುಂಡಿ ಇದೆ. ನಾನು ಭಾಷಣವನ್ನು ‘ವಿತ್ ರೆಸ್ಪೆಕ್ಟ್ ಟು ಅವರ್ ಚಾಚಾ’ ಎಂದು ಶುರು ಮಾಡಲೇ ಎಂದು ಕೇಳಿದೆ. ಸರ್ ನಕ್ಕುಬಿಟ್ಟರು. ಅದರ ಅರ್ಥ ‘ನಮ್ಮ ಚಾಚಾ ಅವರಿಗೆ ಗೌರವಪೂರ್ವಕವಾಗಿ’ ಎಂದಲ್ಲ, ‘ನಮ್ಮ ಚಾಚಾ ಅವರಿಗೆ ಸಂಬಂಧಿಸಿದಂತೆ’ ಎಂದು. ಸರ್ಕಾರಿ ಕಚೇರಿಯ ಪತ್ರದ ಹಾಗೆ ಕೇಳಿಸುತ್ತದೆ.

ಯಾವುದೂ ನೆನಪಾಗದಿದ್ದರೆ ಏನು ಮಾಡಬೇಕು? ನಾಮಪದ ಬಿಟ್ಟು ಕ್ರಿಯಾಪದ ಬಳಸಿ ಎಂದರು ಸರ್. ವಿ ರೆಸ್ಪೆಕ್ಟ್ ಯೂ. ವಿ ಅಡ್ಮೈರ್ ಯೂ. ವಿ ಲವ್ ಯೂ. ನಡುವೆ ಏನೂ ಬೇಡ. ಅಲ್ಲಿ ‘ಟು’ ಸೇರಿಸಿದರೂ ತಪ್ಪೇ. ಸಣ್ಣ ವಾಕ್ಯ, ತಪ್ಪಿಗೆ ಜಾಗವಿಲ್ಲ, ಕೇಳುವವರಿಗೆ ನೇರವಾಗಿ ತಲುಪುತ್ತದೆ.

ಇಷ್ಟೆಲ್ಲ ಆದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು, ಕೇಳಿಯೇಬಿಟ್ಟೆ. 2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಅನುವಾದವಾದ ಪುಸ್ತಕಕ್ಕೆ ಅದು ಬಂದದ್ದು ಅದೇ ಮೊದಲು. ಅನುವಾದಕಿ ದೀಪಾ ಭಾಸ್ತಿ ಅವರು ಕನ್ನಡ, ಉರ್ದು ಪದಗಳನ್ನು ಇದ್ದ ಹಾಗೇ ಉಳಿಸಿದ್ದಾರೆ, ಅವುಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಿಲ್ಲ, ಅಡಿಟಿಪ್ಪಣಿಯನ್ನೂ ಹಾಕಿಲ್ಲ. “ಅವರು ನಮ್ಮ ಮಾತಿನ ವಾಸನೆ ಉಳಿಸಿದರೆ ಪ್ರಶಸ್ತಿ, ನಾನು ‘ರೆಸ್ಪೆಕ್ಟ್ ಆನ್’ ಎಂದರೆ ಕೆಂಪು ಸುತ್ತು. ಇದು ಯಾವ ನ್ಯಾಯ ಸರ್?”

ಸರ್ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. “ಒಳ್ಳೆಯ ಪ್ರಶ್ನೆ. ಅವರು ಎರಡು ದಾರಿಗಳನ್ನೂ ಬಲ್ಲವರು, ಗೊತ್ತಿದ್ದು ಒಂದನ್ನು ಆರಿಸಿಕೊಂಡರು. ನಿನಗೆ ಸದ್ಯ ಒಂದೇ ದಾರಿ ಗೊತ್ತಿದೆ. ‘ಚಾಚಾ’ ಎಂಬ ಪದವನ್ನು ಅಂಕಲ್ ಎಂದು ಬದಲಾಯಿಸಬೇಡ, ಅದು ನಮ್ಮದು, ಇರಲಿ. ‘ಆನ್’ ಮಾತ್ರ ನೀನು ಆರಿಸಿಕೊಂಡದ್ದಲ್ಲ, ತಾನಾಗಿ ಬಂದು ಕೂತದ್ದು. ಮೊದಲು ‘ಫಾರ್’ ಕಲಿ. ಆಮೇಲೆ ಬೇಕಾದರೆ ನೀನೇ ಕಥೆ ಬರೆದು ಒಂದು ಪಾತ್ರದ ಬಾಯಲ್ಲಿ ‘ರೆಸ್ಪೆಕ್ಟ್ ಆನ್’ ಹಾಕು. ನಾನು ಸುತ್ತು ಹಾಕುವುದಿಲ್ಲ.”

ಇದು ನನಗೆ ಒಪ್ಪಿಗೆಯಾಯಿತು. ತಪ್ಪು ಮಾಡಿದ್ದಕ್ಕೆ ನಾಚಿಕೆಪಡಬೇಕಾದ ವಿಷಯ ಇದಲ್ಲ. ಆದರೆ ತಪ್ಪನ್ನೇ ನಮ್ಮತನ ಎಂದು ಬಿಟ್ಟುಬಿಡುವ ವಿಷಯವೂ ಅಲ್ಲ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಕೆಲಸಕ್ಕೆ ಅರ್ಜಿ ಬರೆಯುತ್ತಾರೆ, ಇನ್ನೊಬ್ಬರು ಸಂದರ್ಶನದಲ್ಲಿ ಕೂರುತ್ತಾರೆ. ಎದುರಿಗಿರುವವರಿಗೆ ನಮ್ಮ ಮೂರು ಭಾಷೆಗಳ ಕಥೆ ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಆ ‘ಆನ್’ ಒಂದೇ.

ಸಂಜೆ ಮನೆಗೆ ಹೋಗಿ ಬಾಯಿಪಾಠ ಮಾಡಲು ಕೂತೆ. ಪದಗಳು ಒಂದಕ್ಕೊಂದು ಕಲಸಿಹೋಗುತ್ತಿದ್ದವು. ಅಬ್ಬಾ ಕೇಳಿಸಿಕೊಂಡು “ಏನದು, ಹರಾಜು ಕೂಗಿದ ಹಾಗೆ ಕೂಗ್ತಿದ್ದೀಯ?” ಎಂದರು. ವಿಷಯ ಹೇಳಿದೆ. ಅಬ್ಬಾಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಹರಾಜು ಗೊತ್ತು. ನಮ್ಮ ಅಜ್ಜಂಪುರದಲ್ಲಿ ಅಮೃತ್ ಮಹಲ್ ರಾಸುಗಳ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಎಂದು ಹೆಸರಿಟ್ಟದ್ದನ್ನು ನಮ್ಮೂರಿನ ಮಕ್ಕಳೆಲ್ಲ ಕೇಳಿದ್ದೇವೆ. ಅಲ್ಲಿನ ಹೋರಿ ಕರುಗಳ ಹರಾಜಿಗೆ ದೂರದೂರದಿಂದ ರೈತರು ಬರುತ್ತಾರೆ. ಅಬ್ಬಾ ಹೇಳಿದರು: “ಅಲ್ಲಿ ಕರುಗಳನ್ನ ಜೋಡಿ ಮಾಡಿಯೇ ಕೂಗ್ತಾರೆ. ಬಣ್ಣ, ಎತ್ತರ, ನಡಿಗೆ ನೋಡಿ ಜೋಡಿ ಕಟ್ಟಿರ್ತಾರೆ. ಇದಕ್ಕೆ ಅದೇ ಯಾಕೆ ಜೋಡಿ ಅಂತ ಕೊಂಡವನು ಕೇಳೋದಿಲ್ಲ, ಎರಡನ್ನೂ ಹೊಡೆದುಕೊಂಡು ಹೋಗ್ತಾನೆ. ನೀನೂ ಹಾಗೇ ಮಾಡು.”

ಹಾಗೇ ಮಾಡಿದೆ. ‘ರೆಸ್ಪೆಕ್ಟ್’ ಎಂದು ಒಂಟಿಯಾಗಿ ಕಲಿಯುವುದನ್ನು ಬಿಟ್ಟು ‘ರೆಸ್ಪೆಕ್ಟ್ ಫಾರ್’ ಎಂದೇ ಕಲಿತೆ. ‘ಪ್ರೈಡ್ ಇನ್’, ‘ಟ್ರಿಬ್ಯೂಟ್ ಟು’. ಮರುದಿನ ಅಜ್ಜಂಪುರದಿಂದ ಬೀರೂರಿನವರೆಗೆ ರೈಲಿನಲ್ಲಿ ಜೋಡಿಗಳನ್ನೇ ಹೇಳಿಕೊಳ್ಳುತ್ತಾ ಬಂದೆ. ಬೀರೂರಿನಲ್ಲಿ ಹತ್ತಿದ ಗೆಳತಿ ‘ಅಡ್ಮಿರೇಷನ್?’ ಎಂದು ಕೇಳುವುದು, ನಾನು ‘ಫಾರ್!’ ಎನ್ನುವುದು. ಕಡೂರು ಬರುವಷ್ಟರಲ್ಲಿ ಎದುರಿನ ಸೀಟಿನ ಅಜ್ಜಿಯೊಬ್ಬರಿಗೂ ಎರಡು ಜೋಡಿ ಬಾಯಿಗೆ ಬಂದಿತ್ತು.

ಬೀಳ್ಕೊಡುಗೆಯ ದಿನ ಬಂತು. ಚಾಚಾ ಬಿಳಿ ಶರ್ಟು ಹಾಕಿ ವೇದಿಕೆಯ ಮೇಲೆ ಪ್ರಿನ್ಸಿಪಾಲರ ಪಕ್ಕದಲ್ಲಿ ಕುರ್ಚಿಯ ತುದಿಗೆ ಕೂತಿದ್ದರು. ಆ ಕುರ್ಚಿಗಳನ್ನು ಹಿಂದಿನ ಸಂಜೆ ಸಾಲಾಗಿ ಜೋಡಿಸಿದವರೂ ಅವರೇ. ಅವರ ಹೆಂಡತಿ, ಮಗಳು ಮುಂದಿನ ಸಾಲಿನಲ್ಲಿದ್ದರು. ನಾನು ಹಾಳೆ ನೋಡದೆ ಮಾತನಾಡಿದೆ. ರೆಸ್ಪೆಕ್ಟ್ ಫಾರ್ ಯೂ. ಲವ್ ಫಾರ್ ಯೂ. ಅಡ್ಮಿರೇಷನ್ ಫಾರ್ ಯುವರ್ ಹಾರ್ಡ್ ವರ್ಕ್. ವಿ ಟೇಕ್ ಪ್ರೈಡ್ ಇನ್ ಯೂ. ಎ ಸ್ಮಾಲ್ ಟ್ರಿಬ್ಯೂಟ್ ಟು ಯೂ. ಐದೂ ಸರಿಯಾಗಿ ಬಂದವು. ಸರ್ ತಲೆಯಾಡಿಸುತ್ತಿದ್ದರು.

ಆರನೆಯದು ಉಳಿದಿತ್ತು. ಸರ್ ಅದಕ್ಕೆ ಸುತ್ತು ಹಾಕಿರಲಿಲ್ಲ. ಆದರೆ ಎರಡು ದಿನದಿಂದ ‘ಆನ್’ ಎಂದರೆ ಹಾವು ಕಂಡಂತೆ ಹೆದರುತ್ತಿದ್ದ ನಾನು, ಅದನ್ನೂ ತಿದ್ದಿಬಿಡೋಣ ಎಂದು ಗಟ್ಟಿಯಾಗಿ ಹೇಳಿದೆ: “ಕಂಗ್ರಾಜುಲೇಷನ್ಸ್ ಫಾರ್ ಯುವರ್ ರಿಟೈರ್‌ಮೆಂಟ್!”

ಸರ್ ಹಣೆಗೆ ಕೈ ಇಟ್ಟುಕೊಂಡದ್ದು ಆಗಲೇ. ಇಡೀ ಭಾಷಣದಲ್ಲಿ ‘ಆನ್’ ಬರಬೇಕಾಗಿದ್ದದ್ದು ಅಲ್ಲಿ ಒಂದೇ ಕಡೆ. ಅಭಿನಂದನೆಗೆ ಇಂಗ್ಲಿಷ್‌ನಲ್ಲಿ ‘ಆನ್’. ಯಾರನ್ನಾದರೂ ಹೊಗಳುವ ‘ಕಾಂಪ್ಲಿಮೆಂಟ್’ಗೂ, ಯಾವುದಕ್ಕಾಗಿ ಹೊಗಳಿದೆವು ಎಂದು ಹೇಳುವಾಗ ‘ಆನ್’. ಮೊದಲು ಸರಿಯಾಗಿ ಬರೆದದ್ದನ್ನು ನಾನು ಹೆದರಿಕೆಯಿಂದ ತಪ್ಪು ಮಾಡಿದ್ದೆ. ತಪ್ಪು ಮಾಡುವೆನೆಂಬ ಹೆದರಿಕೆಯೂ ತಪ್ಪು ಮಾಡಿಸುತ್ತದೆ ಎಂಬುದು ಆವತ್ತು ಕಲಿತ ಕೊನೆಯ ಪಾಠ.

ಸಭೆ ಮುಗಿದ ಮೇಲೆ ಚಾಚಾ ಹತ್ತಿರ ಬಂದರು. ಕೊರಳಲ್ಲಿ ಹಾರ ಇನ್ನೂ ಹಾಗೇ ಇತ್ತು. “ಬಹಳ ಚೆನ್ನಾಗಿ ಮಾತಾಡಿದೆ ಬೇಟಿ. ‘ರೆಸ್ಪೆಕ್ಟ್’ ಅಂದದ್ದು ತಿಳೀತು, ‘ಹಾರ್ಡ್ ವರ್ಕ್’ ಅಂದದ್ದೂ ತಿಳೀತು. ಉಳಿದದ್ದು ಏನು ಹೇಳಿದೆ, ಈಗ ನಮ್ಮ ಮಾತಲ್ಲಿ ಹೇಳು” ಎಂದರು.

ನಾನು ಹೇಳಿದೆ: “ನಿಮ್ಮ ಮೇಲೆ ನಮಗೆಲ್ಲ ತುಂಬಾ ಗೌರವ ಚಾಚಾ, ತುಂಬಾ ಪ್ರೀತಿ.”

ಪಕ್ಕದಲ್ಲೇ ಸರ್ ನಿಂತಿದ್ದರು. ಆ ‘ಮೇಲೆ’ಗೆ ಅವರು ಸುತ್ತು ಹಾಕಲಿಲ್ಲ.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ